ಬಾತುಮರಿಗಳ ಲೆಕ್ಕ

ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯಲು ಬರುವ ನಿವೃತ್ತ ಅಧಿಕಾರಿಯೊಬ್ಬರಿಗೆ, ಎದುರಾದವರಿಗೆಲ್ಲ ಬಾತುಮರಿಗಳ ಲೆಕ್ಕ ಒಪ್ಪಿಸುವ ಅಭ್ಯಾಸವಿದೆ. ‘ನಿನ್ನೆ ಒಂಬತ್ತಿದ್ದವು, ಇವತ್ತು ಏಳೇ’ ಎಂದು ಅವರು ನನ್ನ ಮುಖ ನೋಡುವ ರೀತಿಗೆ, ಮಿಕ್ಕ ಎರಡನ್ನು ನಾನೇ ಜೇಬಿಗಿಳಿಸಿದೆನೇನೋ ಎಂಬ ಅಳುಕು ಹುಟ್ಟುತ್ತದೆ. ಹದ್ದು, ಕಾಗೆ, ಹಾವು, ನಾಯಿಗಳಿರುವ ಕಡೆ ಇಂಥ ಲೆಕ್ಕದಲ್ಲಿ ಕೂಡುವುದಕ್ಕಿಂತ ಕಳೆಯುವುದೇ ಹೆಚ್ಚೆಂದು ಅವರಿಗೆ ತಿಳಿಯದ್ದೇನಲ್ಲ. ಆದರೂ ಕೊನೆಯಲ್ಲಿ ‘ಏನೇ ಹೇಳಿ, ತಾಯಿಕರುಳು’ ಎಂಬ ಷರಾ ಮಾತ್ರ ತಪ್ಪುವುದಿಲ್ಲ.

ನನಗೆ ಮೈ ಉರಿಯುವುದು ಆ ಷರಾಕ್ಕೆ. ಕಪ್ಪು ಕೊಕ್ಕಿನ ತುದಿಯಲ್ಲಿ ಮಾತ್ರ ಹಳದಿಯಿರುವ ಆ ಚುಕ್ಕೆಕೊಕ್ಕಿನ ಬಾತು ತನ್ನ ಮರಿಗಳ ಬಾಯಿಗೆ ಒಂದು ಹುಳುವನ್ನೂ ಇಡುವುದಿಲ್ಲ. ಮೊಟ್ಟೆಯೊಡೆದು ಒಂದೆರಡು ದಿನದಲ್ಲೇ ನೀರಿಗಿಳಿಯುವ ಮರಿ ತನ್ನ ಕೂಳನ್ನು ತಾನೇ ಹುಡುಕಿಕೊಳ್ಳಬೇಕು. ಕಣ್ಣಿನ ಆಚೀಚೆ ಕಾಡಿಗೆ ಎಳೆದಂತಿದ್ದ ಮರಿಯೊಂದು ಜೊಂಡಿನ ಮೇಲೆ ಕೂತ ನೊಣಕ್ಕೆಂದು ಮೈಯನ್ನೆಲ್ಲ ಎತ್ತಿ ಎಗರಿ, ಗುರಿ ತಪ್ಪಿ, ಮೂತಿ ಅಡಿಯಾಗಿ ನೀರಿಗೆ ಬಿದ್ದಾಗ ತಾಯಿ ಕತ್ತು ಹೊರಳಿಸಿಯೂ ನೋಡಲಿಲ್ಲ. ರೆಕ್ಕೆಯಡಿ ಬೆಚ್ಚಗಿಟ್ಟುಕೊಳ್ಳುವುದು, ಹದ್ದು ಕಂಡರೆ ಎಚ್ಚರಿಸುವುದು, ಉಳಿದಂತೆ ಏನಾದರೊಂದು ಗೊಣಗುತ್ತ ಮುಂದೆ ಸಾಗುವುದು, ಇಷ್ಟೇ ಅದರ ಕೆಲಸ.

ಈ ಗೊಣಗಾಟದ ಬೆಲೆಯನ್ನು ಮೈಮುರಿದು ಕಲಿತವರು ಆಸ್ಟ್ರಿಯದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಜ್. ಮೊಟ್ಟೆಯೊಡೆದ ಬೂದು ಹೆಬ್ಬಾತಿನ ಮರಿಗಳು ಮೊದಲು ಕಂಡ ಅವರನ್ನೇ ತಾಯಿಯೆಂದು ನಂಬಿ ಹಿಂಬಾಲಿಸಿದರೂ, ಕಾಡುಬಾತಿನ ಮರಿಗಳು ಅವರನ್ನು ಕಂಡರೆ ಮೂಲೆ ಸೇರುತ್ತಿದ್ದವು. ಇವಕ್ಕೆ ಬೇಕಾದದ್ದು ದನಿಯಿರಬೇಕೆಂದು ಊಹಿಸಿದ ಅವರು ಮರಿಗಳು ಹೊರಬಂದೊಡನೆ ಹೆಣ್ಣು ಬಾತಿನಂತೆ ಕ್ವಾಕ್ ಕ್ವಾಕ್ ಎನ್ನತೊಡಗಿದರು, ಮರಿಗಳು ಒಪ್ಪಿಕೊಂಡವು. ಆದರೆ ದನಿ ಸ್ವಲ್ಪ ನಿಂತರೂ ಅವು ಅಳುತ್ತಿದ್ದವು, ಇವರು ಎದ್ದು ನಿಂತರೂ ಅಳುತ್ತಿದ್ದವು. ಹೀಗಾಗಿ ಗಡ್ಡಧಾರಿ ವಿಜ್ಞಾನಿಯೊಬ್ಬರು ಆಲ್ಟೆನ್‌ಬರ್ಗ್‌ನ ತಮ್ಮ ತೋಟದಲ್ಲಿ ಕುಕ್ಕರುಗಾಲಿನಲ್ಲಿ ಸುತ್ತು ಹಾಕುತ್ತ, ಹಿಂದೆ ಹಿಂದೆ ತಿರುಗಿ ನೋಡುತ್ತ, ಎಡೆಬಿಡದೆ ಕ್ವಾಕ್ ಎನ್ನುತ್ತ ತಲೆಯೆತ್ತಿದರೆ, ಬೇಲಿಯಾಚೆ ಪ್ರವಾಸಿಗರ ಸಾಲು ಬಿಳಿಚಿಕೊಂಡು ನಿಂತಿತ್ತು. ಮರಿಗಳೆಲ್ಲ ಎತ್ತರದ ಹುಲ್ಲಿನಲ್ಲಿ ಮರೆಯಾಗಿದ್ದವು. 1973ರಲ್ಲಿ ಇನ್ನಿಬ್ಬರೊಡನೆ ಅವರಿಗೆ ನೊಬೆಲ್ ಬಂದ ಸುದ್ದಿ ಆ ಪ್ರವಾಸಿಗರಿಗೆ ಮುಟ್ಟಿತೋ ಇಲ್ಲವೋ.

ಇದರಿಂದ ತಾಯ್ತನದ ಬಗೆಗೆ ಏನಾದರೊಂದು ದೊಡ್ಡ ಮಾತು ಹೊಳೆದೀತೆಂದು ಬೆಂಚಿನ ಮೇಲೆ ಕುಳಿತರೆ, ಕಡಲೆಪುರಿಯ ಚೀಲ ಹಿಡಿದವರು ಬಂದೇ ಬರುತ್ತಾರೆ. ಎಳೆಮರಿಗಳಿಗೆ ಬೇಕಾದದ್ದು ಹುಳುಹುಪ್ಪಟೆ, ಉಳಿದ ಪುರಿ ಕೊಳೆತು ನೀರು ಕೆಡುತ್ತದೆ ಎಂದು ಮೊನ್ನೆ ಒಬ್ಬರಿಗೆ ಆದಷ್ಟು ಸೌಜನ್ಯದಿಂದ, ಎಂದರೆ ತುಸು ಗದರಿಯೇ, ಹೇಳಿದೆ. ಅವರು ಚೀಲದ ಬಾಯಿ ಕಟ್ಟಿ, ಬಹಳ ವಿನಯದಿಂದ ಕೇಳಿದರು: ‘ಹಂಗಾದ್ರೆ ಆ ಹುಳ ದೇವರಾಜ ಮಾರ್ಕೆಟ್ಟಲ್ಲಿ ಸಿಗುತ್ತಾ ಸಾರ್?’