ಬ್ರೇಕರ್ ಬಿದ್ದರೆ ದೊಡ್ಡದು ಹಾಕಿಸಿ ಎನ್ನುವ ಮಹಾನುಭಾವರಿಗೆ

ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನು ಕಡಿಯುವ ಬ್ರೇಕರ್‌ಗೆ ಎಂಸಿಬಿ ಎನ್ನುತ್ತಾರೆ. 20 ಆಂಪಿಯರ್ ಎಂಸಿಬಿ ಇದ್ದ ಜಾಗದಲ್ಲಿ 32ರದ್ದನ್ನು ಕೂರಿಸಿ, “ಇನ್ನು ಬೀಳಲ್ಲ ಅಕ್ಕ” ಎಂದು ಕೈ ಒರೆಸಿಕೊಂಡು ಹೋದ ಆ ವೈರಿಂಗ್ ಹುಡುಗನ ಮೇಲೆ ನನಗೆ ಈಗ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟಿರುವುದು ಇವತ್ತು ಮಧ್ಯಾಹ್ನ ಅಂಗಡಿಯಲ್ಲಿ ನಡೆದದ್ದರ ಬಗ್ಗೆ. ಸುಳ್ಳೇಕೆ, ಅವನ ಮೇಲೂ ಇದೆ.

ಗೀಸರ್ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಎಂಸಿಬಿ ಬೀಳುತ್ತಿತ್ತು. ಹಾಕಿದ ಕೂಡಲೇ ಅಲ್ಲ, ಸ್ವಲ್ಪ ಹೊತ್ತಾದ ಮೇಲೆ. ಈ ವ್ಯತ್ಯಾಸವನ್ನು ನಾನು ಅವನಿಗೆ ಬಿಡಿಸಿ ಹೇಳಿದ್ದೆ. ನಮ್ಮದು 2 ಕಿಲೋವಾಟ್ ಗೀಸರ್. 230 ವೋಲ್ಟ್‌ನಲ್ಲಿ ಅದು ಎಳೆಯುವುದು 9 ಆಂಪಿಯರ್‌ಗಿಂತ ಕಡಿಮೆ. ಅಷ್ಟಕ್ಕೆ 20ರ ಬ್ರೇಕರ್ ಬೀಳುತ್ತಿದೆ ಎಂದರೆ ದೋಷ ಅದರ ಅಳತೆಯಲ್ಲಿಲ್ಲ, ಬೇರೆಲ್ಲೋ ಇದೆ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಎಂಸಿಬಿಯ ಒಳಗೆ ಎರಡು ಲೋಹ ಸೇರಿಸಿ ಮಾಡಿದ ಒಂದು ಪಟ್ಟಿ ಇರುತ್ತದೆ. ಬಿಸಿಯಾದರೆ ಅದು ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಆ ಬಿಸಿ ಹೆಚ್ಚಿನ ಕರೆಂಟಿನಿಂದ ಬಂತೋ, ಸಡಿಲವಾದ ಸ್ಕ್ರೂವಿನಿಂದ ಬಂತೋ ಎಂಬುದು ಪಾಪ ಆ ಪಟ್ಟಿಗೆ ಗೊತ್ತಾಗುವುದಿಲ್ಲ. ಕೆಂಪು ವೈರಿನ ತುದಿ ಸುಟ್ಟು ಕಂದು ಬಣ್ಣಕ್ಕೆ ತಿರುಗಿದ್ದನ್ನು ಟಾರ್ಚ್ ಹಿಡಿದು ತೋರಿಸಿದೆ. ಅವನು ನೋಡಲಿಲ್ಲ. “ಚೇಂಜ್ ಮಾಡಿದ್ರಾಯ್ತು” ಎಂದ. ಅವನು ಚೇಂಜ್ ಮಾಡಿದ್ದು ನಂಬರನ್ನು.

ಗೋಡೆಯೊಳಗಿನ ವೈರು ಮಾತ್ರ ಹಳೆಯ 2.5 ಸ್ಕ್ವೇರ್, ಅಂದರೆ 2.5 ಚದರ ಮಿಲಿಮೀಟರ್ ದಪ್ಪದ್ದು. ಮನೆ ರಿಪೇರಿ ಮಾಡಿಸಿದಾಗ ಅದನ್ನು ಕೊಂಡ ಬಿಲ್ಲು ಇನ್ನೂ ನನ್ನ ಬೀರುವಿನಲ್ಲಿದೆ. ಬ್ರೇಕರ್ ಇರುವುದು ಗೀಸರ್ ಕಾಯಲಿಕ್ಕಲ್ಲ, ಆ ವೈರನ್ನು ಕಾಯಲಿಕ್ಕೆ. 32ರ ಎಂಸಿಬಿಯಲ್ಲಿ 36 ಆಂಪಿಯರ್ ಒಂದು ಗಂಟೆ ಸತತವಾಗಿ ಹರಿದರೂ ಅದು ಬೀಳಬಾರದು ಎಂದೇ ನಿಯಮವಿದೆ. ಅಷ್ಟು ಹೊತ್ತು ಬೇಯುವುದು ಆ ಕರೆಂಟು ತಾಳದ ನಮ್ಮ ವೈರು. ಆ ವೈರಿನ ಪೈಪು ಹಾದು ಹೋಗುವುದು ಮರದ ಅಟ್ಟದ ಪಕ್ಕದಲ್ಲಿ, ಅಟ್ಟದ ಮೇಲಿರುವುದು ಬೆಲೆ ಏರಲಿ ಎಂದು ಇಟ್ಟ ಕಾಳುಮೆಣಸಿನ ಚೀಲಗಳು. ಮೇಲಿನ ಮನೆಯವರಿಗೆ ಇದನ್ನು ಹೇಳಿದರೆ “ಇಷ್ಟು ಸಣ್ಣದಕ್ಕೆ ಇಷ್ಟೊಂದು ಯೋಚನೆ ಯಾಕೆ” ಎಂದರು.

ಅಲ್ಲಿಗೂ ಮುಗಿಯಲಿಲ್ಲ. ಮಳೆ ಜೋರಾದ ಮೇಲೆ, ಕರೆಂಟು ಸೋರಿದರೆ ಬೀಳುವ ಆರ್‌ಸಿಸಿಬಿಯೂ ರಾತ್ರಿ ಹೊತ್ತು ಬೀಳತೊಡಗಿತು. ಮತ್ತೆ ಬಂದ ಅವನು ಐದು ನಿಮಿಷದಲ್ಲಿ ಅದರ ವೈರುಗಳನ್ನು ಕಿತ್ತು ಒಂದಕ್ಕೊಂದು ಸೇರಿಸಿ, “ಡೈರೆಕ್ಟ್ ಕೊಟ್ಟಿದ್ದೀನಿ, ಮಳೆಗಾಲ ಅಲ್ವಾ, ಎಲ್ರ ಮನೇಲೂ ಹಿಂಗೇ” ಎಂದ. 30 ಮಿಲಿಆಂಪಿಯರ್ ಸೋರಿಕೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿದು ಮನುಷ್ಯನ ಜೀವ ಉಳಿಸಬೇಕಾದ ಸಾಧನವದು. ಕೊಡಗಿನ ಆಷಾಢದಲ್ಲಿ ಗೋಡೆಯೇ ಬೆವರುತ್ತದೆ, ಅಂಗಳದ ದೀಪದೊಳಗೆ ನೀರು ಹೋಗುತ್ತದೆ, ಒದ್ದೆ ಕಾಲಿನಲ್ಲೇ ನಾವು ಸ್ವಿಚ್ಚು ಮುಟ್ಟುತ್ತೇವೆ. ಅದು ಬೇಕಾಗಿರುವುದೇ ಈ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಇಟ್ಟುಕೊಂಡು ಮಳೆಗಾಲದಲ್ಲಿ ತೆಗೆಯುವುದಾದರೆ ಅದು ಕೊಡೆಯನ್ನು ಮಳೆ ಬಂದಾಗ ಮಡಚಿಟ್ಟ ಹಾಗೆ.

ಇನ್ನು ಅಂಗಡಿಯ ವಿಷಯ. ಮಳೆಯಲ್ಲೇ ಜೀಪು ಮಾಡಿಕೊಂಡು ಹೋದೆ. ಅಂಗಡಿ ತುಂಬ ಜನ, ಟಾರ್ಪಾಲು ಕೊಳ್ಳುವವರು, ಟಾರ್ಚಿನ ಸೆಲ್ಲು ಕೇಳುವವರು. ನನ್ನ ಸರದಿ ಬಂದಾಗ ಸ್ಪಷ್ಟವಾಗಿ ಕೇಳಿದೆ: ಸಿ ಕರ್ವ್‌ನ 20 ಆಂಪಿಯರ್ ಸಿಂಗಲ್ ಪೋಲ್ ಎಂಸಿಬಿ ಒಂದು ಕೊಡಿ, ಆರ್‌ಸಿಸಿಬಿಯನ್ನು ಸರಿಯಾಗಿ ಜೋಡಿಸುವ ವೈರ್‌ಮ್ಯಾನ್ ಯಾರಾದರೂ ಗೊತ್ತಿದ್ದರೆ ಹೇಳಿ. ಆತ ನನ್ನ ಮುಖ ನೋಡಲಿಲ್ಲ. ನನ್ನ ಭುಜದ ಮೇಲಿಂದ ಹಿಂದೆ ನಿಂತಿದ್ದ ಜೀಪಿನ ಹುಡುಗನನ್ನು ನೋಡಿ, “ಏನಪ್ಪಾ, ಯಾವುದಕ್ಕಂತೆ?” ಎಂದು ಕೇಳಿದ. ಆ ಹುಡುಗನಿಗೆ ಎಂಸಿಬಿ ಎಂದರೆ ಏನೆಂದೇ ಗೊತ್ತಿಲ್ಲ. ಅವನು ತನ್ನ ಬೂಟು ನೋಡಿಕೊಂಡು ನಿಂತ. “ಗೀಸರಿಗೆ” ಎಂದು ನಾನೇ ಹೇಳಿದೆ. ಉತ್ತರ ಮತ್ತೆ ಹುಡುಗನಿಗೇ ಹೋಯಿತು: “ಗೀಸರಿಗೆ 32 ಹಾಕ್ಬೇಕು ಅಂತ ಹೇಳಪ್ಪ ಅಮ್ಮಂಗೆ, 20 ತಗೊಂಡ್ರೆ ನಾಳೆ ಮತ್ತೆ ಬರ್ತಾರೆ.” ಕೇಳಿದ್ದು ನಾನು, ಹೇಳುವುದಾದರೆ ನನಗೆ ಹೇಳಿ ಎಂದೆ. ವೈರು 2.5 ಸ್ಕ್ವೇರ್ ಎಂದೂ ಹೇಳಿದೆ. ಆಗ ಆತ ಮೊದಲ ಬಾರಿಗೆ ನನ್ನತ್ತ ತಿರುಗಿ, ಅಂಗಡಿಗೆಲ್ಲ ಕೇಳುವ ಹಾಗೆ, “ಅಮ್ಮ ಇಂಜಿನಿಯರ್ರಾ?” ಎಂದ. ಟಾರ್ಪಾಲಿನವರು ನಕ್ಕರು. ನಗು ಮುಗಿಯುವ ಮೊದಲೇ, “ಮನೇಲಿ ಯಜಮಾನ್ರು ಇಲ್ವಾ? ಅವ್ರ ಹತ್ರ ಒಂದು ಫೋನ್ ಮಾಡ್ಸಿ” ಎಂದೂ ಸೇರಿಸಿದ. ಯಾವ ಊರಿನಿಂದ ಫೋನ್ ಮಾಡಿಸಲಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ನಿಂತೆ. ಸೆಲ್ಲು ಕೇಳಲು ಬಂದಿದ್ದ ಒಬ್ಬರು ನಮ್ಮವರನ್ನು ಚೆನ್ನಾಗಿ ಬಲ್ಲವರು. ಅವರೂ ಮಾತಾಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಕೊನೆಗೆ ಆತ ಪೊಟ್ಟಣ ಕೊಟ್ಟ, ನಾನು ಹಣ ಕೊಟ್ಟೆ. ಜೀಪಿನಲ್ಲಿ ಕೂತು ಬಿಚ್ಚಿ ನೋಡಿದರೆ ಅದರ ಮೈಮೇಲೆ ಬರೆದಿದ್ದದ್ದು ಸಿ32.

ಇಳಿದು ಹೋಗಿ ಮೇಜಿನ ಮೇಲೆ ಕುಕ್ಕಿ ಬರಬೇಕಿತ್ತು. ಇಂಥ ಅಂಗಡಿಗೆ ಇನ್ನು ಜನ್ಮದಲ್ಲಿ ಕಾಲಿಡುವುದಿಲ್ಲ ಎಂದು ಹುಡುಗನ ಮುಂದೆ ಶಪಥ ಮಾಡಿದೆ. ಅರ್ಧ ದಾರಿ ಬರುವಷ್ಟರಲ್ಲಿ ಬೇರೆ ಅಂಗಡಿ ಎಲ್ಲಿದೆ ಎಂದು ಯೋಚಿಸುತ್ತಿದ್ದೆ. ನಮ್ಮ ಕಡೆ ಮಳೆ ಹೆಚ್ಚಾದರೆ ರಸ್ತೆ ಇರುತ್ತದೋ ಇಲ್ಲವೋ ಎಂಬುದೇ ಅನುಮಾನ. ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದ ದಿನ ಕರೆಂಟಿನ ಮಾತೇ ಇಲ್ಲ. ಅಂಥದ್ದರಲ್ಲಿ ಕರೆದಾಗ ಒದ್ದೆಯಾಗಿಕೊಂಡು ಬಂದ ಆ ವೈರಿಂಗ್ ಹುಡುಗನನ್ನು ಬಯ್ದು ಕಳಿಸಿದರೆ ಮುಂದಿನ ಸಲ ಯಾರು ಬರುತ್ತಾರೆ? ಬಯ್ಯದೆ ಬಿಟ್ಟದ್ದರಿಂದಲೇ ಅಲ್ಲವೇ ಅವನು ಆರ್‌ಸಿಸಿಬಿಯನ್ನೂ ಕಿತ್ತದ್ದು?

ಸದ್ಯಕ್ಕೆ ನನ್ನ ವೈಭವ ಹೀಗಿದೆ. ಗೀಸರ್ ಸ್ವಿಚ್ಚಿಗೆ ಟೇಪು ಸುತ್ತಿದ್ದೇನೆ. ಬಚ್ಚಲ ಹಂಡೆಗೆ ಕಾಫಿ ಗಿಡದ ಸೌದೆ ಒಟ್ಟಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನೀರು ಕಾಯಿಸುತ್ತೇನೆ. ಮಲಗುವ ಮೊದಲು ಬ್ರೇಕರ್‌ಗಳಿರುವ ಡಿಬಿ ಬಾಕ್ಸಿನ ಮುಚ್ಚಳ ತೆಗೆದು ಮೂಗು ಹತ್ತಿರ ತಂದು ಸುಟ್ಟ ವಾಸನೆ ಬರುತ್ತದೆಯೇ ಎಂದು ಮೂಸುತ್ತೇನೆ. ಇಂಜಿನಿಯರ್ ಅಮ್ಮ!

ಓದಿದವರಲ್ಲಿ ಯಾರಾದರೂ ಉತ್ತರ ಕೊಡಿ. 500 ವೋಲ್ಟಿನ ಮೆಗ್ಗರ್ ಹಚ್ಚಿ ಪ್ರತಿ ಲೈನಿನ ಇನ್ಸುಲೇಷನ್ ಅಳೆದು, ಸೋರಿಕೆ ಅಂಗಳದ ದೀಪದಲ್ಲೋ, ಗೀಸರಿನ ಕಾಯಿಲ್‌ನಲ್ಲೋ, ನ್ಯೂಟ್ರಲ್ ಎಲ್ಲಿಯಾದರೂ ಅರ್ಥಿಂಗ್‌ಗೆ ತಾಗಿದೆಯೋ ಎಂದು ಹುಡುಕುವ ಒಬ್ಬ ವೈರ್‌ಮ್ಯಾನ್ ಈ ಇಡೀ ಜಿಲ್ಲೆಯಲ್ಲಿ ಇಲ್ಲವೇ? ನಾಪೋಕ್ಲು, ಮಡಿಕೇರಿ, ವಿರಾಜಪೇಟೆ, ಎಲ್ಲಿಂದಾದರೂ ಸರಿ, ಜೀಪು ನಾನೇ ಕಳಿಸುತ್ತೇನೆ, ಕೇಳಿದಷ್ಟು ಕೂಲಿ ಕೊಡುತ್ತೇನೆ. ಬರುವಾಗ ಒಂದು ಸಿ20 ತನ್ನಿ. 32 ನಮ್ಮಲ್ಲಿ ಎರಡಿವೆ.