ದನಕ್ಕಾದರೆ ಮನೆಗೇ ಬರ್ತಾರೆ, ನಮ್ಮ ಅವ್ವನಿಗೆ ಯಾಕಿಲ್ಲ?

"ಪೇಷಂಟ್ ಕರ್ಕೊಂಡು ಬರ್ರಿ, ನೋಡದೆ ಏನೂ ಹೇಳಾಕಾಗಲ್ಲ." ಮನೆಗೆ ಬಂದು ನೋಡ್ತೀರಾ ಅಂತ ಡಾಕ್ಟರುಗಳಿಗೆ ಫೋನ್ ಮಾಡಿದಾಗಲೆಲ್ಲ ಈ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ. ಕರ್ಕೊಂಡು ಬರೋ ಹಾಗಿದ್ದರೆ ಫೋನ್ ಯಾಕೆ ಮಾಡ್ತಿದ್ದೆ ರೀ?

ನಮ್ಮ ಅವ್ವನಿಗೆ ದಮ್ಮಿನ ಕಾಯಿಲೆ, ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟೋ ಕಾಯಿಲೆ. ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾಳೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ, "ಬೀಡಿ ಸೇದ್ತಿದ್ರೇನು?" ಜೀವಮಾನದಲ್ಲಿ ಬೀಡಿ ಮುಟ್ಟಿದವಳಲ್ಲ. ತೊಗರಿ ಕಟ್ಟಿಗೆ ಒಲೆ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿದಳು, ಅಷ್ಟೇ. ವರ್ಷಗಟ್ಟಲೆ ಕುಡಿದ ಆ ಹೊಗೆಯಿಂದಲೂ ಈ ಕಾಯಿಲೆ ಬರುತ್ತದೆ.

ಮನೆಯಲ್ಲಿ ಆಕ್ಸಿಜನ್ ಮಷಿನ್ ಇದೆ. ದಿನಕ್ಕೆ ಕನಿಷ್ಠ 15 ಗಂಟೆ ಹಾಕಿರಬೇಕು. ಆದರೆ ಅದು ಕರೆಂಟಿಲ್ಲದೆ ನಡೆಯೋದಿಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ಬೇರೆ ಸಿಲಿಂಡರ್ ಬಾಡಿಗೆಗೆ ತರಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಮೆಟ್ಟಿಲು ಇಳಿಸಬೇಕು. ಆಮೇಲೆ ಆಟೋ. ಮೇ ತಿಂಗಳ ಕಲಬುರಗಿ ಬಿಸಿಲು ಹೆಂಗಿರುತ್ತೆ ಅಂತ ನಿಮಗೆ ಹೇಳಬೇಕಾ? ಅಲ್ಲಿ ಕೆಮ್ಮುವವರ ನಡುವೆ ಗಂಟೆಗಟ್ಟಲೆ ಕೂರಬೇಕು. ಈ ಕಾಯಿಲೆಯವರಿಗೆ ಒಂದು ನೆಗಡಿ ತಗಲಿದರೂ ಐಸಿಯುವರೆಗೆ ಹೋಗಬಹುದು. ಇಷ್ಟೆಲ್ಲ ಆಗಿ ಒಳಗೆ ಸಿಗೋದು ಮೂರೇ ನಿಮಿಷ. ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ ಹಾಕಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಅದೇ ಇನ್ಹೇಲರ್ ಬರೆದುಕೊಡ್ತಾರೆ. ಇದರಲ್ಲಿ ಮನೆಗೆ ಬಂದು ಮಾಡೋಕಾಗದ್ದು ಯಾವುದು ಹೇಳಿ?

ನಿಜ ಹೇಳಬೇಕಂದ್ರೆ ಮನೆಗೆ ಬಂದರೇ ಜಾಸ್ತಿ ಗೊತ್ತಾಗೋದು. ಮಷಿನ್ ಫಿಲ್ಟರಿಗೆ ಧೂಳು ತುಂಬಿದೆಯಾ, ಪೈಪ್ ಮಂಚದ ಕಾಲಿಗೆ ಸಿಕ್ಕಿದೆಯಾ, ಇನ್ಹೇಲರ್ ಒತ್ತಿದಾಗ ಸರಿಯಾಗಿ ಉಸಿರು ಎಳೀತಾಳಾ, ಸಂಜೆ ಯಾರು ಸೊಳ್ಳೆ ಬತ್ತಿ ಹಚ್ಚುತ್ತಾರೆ. ನೋಡೋಕೆ ಬಂದ ನೆಂಟರಂತೂ "ಇನ್ನೂ ಸ್ವಲ್ಪ ಜಾಸ್ತಿ ಬಿಡ್ರಿ" ಅಂತ ಆಕ್ಸಿಜನ್ ತಿರುಗಿಸೋಕೇ ಹೋಗ್ತಾರೆ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಆ ಕ್ಲಿಪ್‌ನಲ್ಲಿ ರಕ್ತದ ಆಕ್ಸಿಜನ್ ಮಟ್ಟ 88ರಿಂದ 92 ಪರ್ಸೆಂಟ್ ಇದ್ದರೆ ಸಾಕು. ಬೇಕಾದ್ದಕ್ಕಿಂತ ಜಾಸ್ತಿ ಬಿಟ್ಟರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಇದನ್ನು ಮನೆಯವರನ್ನೆಲ್ಲ ಕೂರಿಸಿ ಹೇಳೋರು ಯಾರು? ನಾನು ಹೇಳಿದರೆ "ಆಕ್ಸಿಜನ್‌ಗೂ ಜಿಪುಣತನ" ಅಂತಾರೆ!

ಕರೆಂಟ್ ಬಿಲ್ಲಿನ ಕಥೆ ಬೇರೆ. 350 ವ್ಯಾಟ್ ಮಷಿನ್ 15 ಗಂಟೆ ನಡೆದರೆ ತಿಂಗಳಿಗೆ 150 ಯೂನಿಟ್ ಮೇಲೆ. ಫ್ಯಾನು, ಫ್ರಿಜ್ ಸೇರಿ 200 ದಾಟಿತು ಅಂದ್ರೆ ಗೃಹಜ್ಯೋತಿಯ ಉಚಿತ ಕರೆಂಟ್ ಇಲ್ಲ, ಪೂರ್ತಿ ಬಿಲ್ ನಮ್ಮದೇ. ಇರಲಿ ಬಿಡಿ.

ಹೊಟ್ಟೆ ಉರಿಯೋದು ಇಲ್ಲಿ. ಎಮ್ಮೆಗೆ ಹುಷಾರಿಲ್ಲ ಅಂದ್ರೆ 1962ಕ್ಕೆ ಫೋನ್ ಮಾಡಬಹುದು, ಗಾಡಿಯಲ್ಲಿ ಡಾಕ್ಟರ್ ಕೊಟ್ಟಿಗೆಗೇ ಬರುವ ವ್ಯವಸ್ಥೆ ಇದೆ. ಒಳ್ಳೆಯದೇ, ಬರಲಿ. 2024ರ ಲೋಕಸಭೆ ಚುನಾವಣೆಯಲ್ಲಿ 85 ದಾಟಿದವರ ಮನೆಗೆ ಹೋಗಿ ವೋಟು ಹಾಕಿಸಿಕೊಂಡರು, ಅದೂ ವಿಡಿಯೋ ಸಮೇತ. ಅಂದರೆ ಸರ್ಕಾರಕ್ಕೆ ಮನೆ ಹುಡುಕೋಕೆ ಬರುತ್ತೆ, ಪಟ್ಟಿ ಮಾಡೋಕೂ ಬರುತ್ತೆ. ಕೇರಳದಲ್ಲಿ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದ್ರೆ ದೊಡ್ಡ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡೋ ಆರೈಕೆಗೆ, ನೀತಿ ತಂದರು. ಅಲ್ಲಿ ಪಂಚಾಯಿತಿ ಕಡೆಯಿಂದ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೆ ಹೋಗ್ತಾರೆ. ನಮ್ಮ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡೋ 371ಜೆ ಬಂತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಈ ನರ್ಸ್ ಮಾತ್ರ ಬರಲಿಲ್ಲ.

ಆಪ್‌ಗಳನ್ನೂ ನೋಡಿದೆ. ಬೆಂಗಳೂರಿನ ಪಿನ್‌ಕೋಡ್ ಹಾಕಿದರೆ ಸಂಜೆಯೊಳಗೆ ಡಾಕ್ಟರ್. ನಮ್ಮದು ಹಾಕಿದರೆ ಸೇವೆ ಇಲ್ಲ.

ದೊಡ್ಡ ಡಾಕ್ಟರೇ ಬರಲಿ ಅಂತ ನಾನು ಕೇಳ್ತಿಲ್ಲ. ಅವರ ಬಾಗಿಲಲ್ಲಿ ನಿಂತ ಸಾಲು ನನಗೂ ಕಾಣುತ್ತೆ. ತಿಂಗಳಿಗೊಮ್ಮೆ ಒಬ್ಬ ನರ್ಸ್ ಬಂದು ನೋಡಿ, ಅಲ್ಲಿಂದಲೇ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿದರೂ ಸಾಕು. ಫೀಸ್ ಕೊಡ್ತೀನಿ, ಆಟೋ ಕಳಿಸ್ತೀನಿ.

ಕಲಬುರಗಿಯಲ್ಲಿ ಮನೆಗೆ ಬರೋರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮನೆ ಎರಡನೇ ಮಹಡಿಯಲ್ಲಿದೆ ಅಂತ ಮೊದಲೇ ಹೇಳಿಬಿಡ್ತೀನಿ. ಒಬ್ಬರು ಬರೋಕೆ ಒಪ್ಪಿ, ಲಿಫ್ಟ್ ಇಲ್ಲ ಅಂದ ತಕ್ಷಣ "ಹಂಗಾದ್ರ ಪೇಷಂಟ್‌ನ ಕೆಳಗ ಇಳಸ್ರಿ" ಅಂದರು.