ನಾಲ್ಕು ರಾತ್ರಿಯ ಸಿನಿಮಾ

ಸಿನಿಮಾ ಇರೋದೇ 109 ನಿಮಿಷ, ಅದನ್ನ ನಾನೂ ನಮ್ಮನೆಯವರೂ ನಾಲ್ಕು ರಾತ್ರಿ ನೋಡಿದ್ವಿ. ಸೋಮವಾರ ಶುರು ಮಾಡಿದ್ದು ಗುರುವಾರ ಮುಗೀತು, ಅದೂ ನನಗೆ ಮಾತ್ರ. ಇವರದ್ದು ಒಂದು ಅಭ್ಯಾಸ, ಸೋಫಾ ಮೇಲೆ ಕಾಲು ಚಾಚ್ಕೊಂಡು "ಇವತ್ತು ಪೂರ್ತಿ ನೋಡಿ ಮುಗಿಸಿಬಿಡೋಣ ಕಣೇ" ಅಂತಾರೆ, ಇಪ್ಪತ್ತು ನಿಮಿಷಕ್ಕೆ ತಲೆ ಎಡಕ್ಕೆ ವಾಲಿರುತ್ತೆ. ಎಬ್ಬಿಸಿದ್ರೆ "ನಿದ್ದೆ ಎಲ್ಲಿ ಮಾಡ್ದೆ, ಕಣ್ಣು ಮುಚ್ಕೊಂಡಿದ್ದೆ ಅಷ್ಟೇ, ಎಲ್ಲಾ ಕೇಳಿಸ್ತಾ ಇತ್ತು" ಅಂತ ವಾದ. ನಾವು ನೋಡೋದು ಸಬ್‌ಟೈಟಲ್ ಹಾಕ್ಕೊಂಡು, ಅದು ಹೇಗೆ ಕೇಳಿಸುತ್ತೋ ದೇವರಿಗೇ ಗೊತ್ತು.

ಸಿನಿಮಾ 'ಬಿಫೋರ್ ಮಿಡ್‌ನೈಟ್', 2013ರದ್ದು. ಇದು ಮೂರನೇ ಭಾಗ. 1995ರಲ್ಲಿ ಬಂದ ಮೊದಲನೇದ್ರಲ್ಲಿ ಜೆಸ್ಸಿ ಅನ್ನೋ ಅಮೆರಿಕದ ಹುಡುಗ, ಸೆಲೀನ್ ಅನ್ನೋ ಫ್ರಾನ್ಸಿನ ಹುಡುಗಿ ರೈಲಲ್ಲಿ ಪರಿಚಯ ಆಗಿ, ವಿಯೆನ್ನಾದಲ್ಲಿ ಇಳ್ಕೊಂಡು ರಾತ್ರಿಯೆಲ್ಲಾ ಸುತ್ತಾಡಿ, ಫೋನ್ ನಂಬರ್ ಕೂಡ ತಗೊಳ್ದೆ ಬೇರೆ ಆಗ್ತಾರೆ. ಎರಡನೇದು 2004, ಪ್ಯಾರಿಸ್. ಅವನು ಆ ಒಂದು ರಾತ್ರಿ ಬಗ್ಗೆನೇ ಪುಸ್ತಕ ಬರೆದಿದಾನೆ, ಅವಳು ಹುಡುಕ್ಕೊಂಡು ಬರ್ತಾಳೆ, ಅವನಿಗೆ ಫ್ಲೈಟ್ ಇದೆ, ನಮಗೆ ಎದೆ ಡವಡವ. ನಿರ್ದೇಶಕ ರಿಚರ್ಡ್ ಲಿಂಕ್‌ಲೇಟರ್, ನಟಿಸಿದ್ದು ಈಥನ್ ಹಾಕ್ ಮತ್ತೆ ಜೂಲಿ ಡೆಲ್ಪಿ. ಪ್ರತಿ ಸಿನಿಮಾಗೂ ನಡುವೆ ನಿಜವಾಗ್ಲೂ 9 ವರ್ಷ, ಹಾಗಾಗಿ ಮೇಕಪ್ ಹಾಕಿ ವಯಸ್ಸಾಗಿಸೋ ಕಷ್ಟ ಇಲ್ಲ, ಅವರ ಪಾಡಿಗೆ ಅವರಿಗೆ ವಯಸ್ಸಾಗಿದೆ, ನೋಡೋ ನಮಗೂ ಆಗಿದೆ. ಆ ಎರಡು ಸಿನಿಮಾ ನಾವು ಮದುವೆ ಆದ ಹೊಸದರಲ್ಲಿ ಒಂದೇ ರಾತ್ರಿ ಬೆನ್ನುಬೆನ್ನಿಗೆ ನೋಡಿದ್ದು. ಆಗ ಇವರಿಗೆ ಒಂಚೂರೂ ನಿದ್ದೆ ಬರ್ಲಿಲ್ಲ, ಇವರು ನೋಡ್ತಾ ಇದ್ದಿದ್ದು ಸಿನಿಮಾನ ಹೌದಾ ಅನ್ನೋದು ಬೇರೆ ಪ್ರಶ್ನೆ.

ಮೂರನೇದ್ರಲ್ಲಿ ಅವರಿಬ್ರೂ ಪ್ಯಾರಿಸ್‌ನಲ್ಲಿ ಒಟ್ಟಿಗಿದಾರೆ, ಅವಳಿ ಹೆಣ್ಣುಮಕ್ಕಳಿದಾರೆ, ಗ್ರೀಸ್‌ಗೆ ರಜಕ್ಕೆ ಬಂದಿದಾರೆ. ಸೀಕ್ವೆಲ್ ಅಂದ್ರೆ ನಂಗೆ ಮೊದ್ಲಿಂದ್ಲೂ ಅನುಮಾನ. ಸೇರಿಬಿಟ್ಟವರ ಕಥೆ ಹೇಗೆ ಮುಂದುವರಿಸೋದು ಅಂತ ಗೊತ್ತಾಗದೆ ಹಳೇ ಪ್ರೇಮಿನ ಕರ್ಕೊಂಡು ಬರ್ತಾರೆ, ಇಲ್ಲಾ ಅವಳಿಗೆ ಕಾಯಿಲೆ, ಇಲ್ಲಾ ಆಕ್ಸಿಡೆಂಟ್ ಆಗಿ ಅವನಿಗೆ ನೆನಪು ಹೋಗಿ ಪುನಃ ಮೊದಲಿಂದ ಲವ್ ಮಾಡ್ಬೇಕು. ಒಟ್ನಲ್ಲಿ ತೊಂದರೆ ಅನ್ನೋದು ಹೊರಗಿಂದ ಬರ್ಬೇಕು. ಇಲ್ಲಿ ಹಾಗೆ ಯಾರೂ ಬರಲ್ಲ. ಶುರುವಿನಲ್ಲೇ ಕಾರಿನ ಸೀನ್ ಒಂದಿದೆ, ಹೆಚ್ಚುಕಮ್ಮಿ ಹದಿಮೂರು ನಿಮಿಷ, ಕಟ್ ಇಲ್ಲದ ಹಾಗೆ ಸಾಗುತ್ತೆ. ಹಿಂದಿನ ಸೀಟಲ್ಲಿ ಮಕ್ಕಳಿಬ್ರೂ ಮಲಗಿದಾರೆ, ಒಬ್ಬಳ ಕೈಲಿ ಅರ್ಧ ತಿಂದ ಸೇಬು. ಇವನು ಮಾತಾಡ್ತಾನೇ ಹಿಂದೆ ಕೈ ಹಾಕಿ ಆ ಸೇಬು ಎತ್ಕೊಂಡು ತಾನು ತಿಂದುಬಿಡ್ತಾನೆ! ಅಷ್ಟೊತ್ತಿಗೆ ಅದು ಕಂದು ಬಣ್ಣಕ್ಕೆ ತಿರುಗಿರುತ್ತೆ, ಅವನಿಗೆ ಅದರ ಪರಿವೆಯೇ ಇಲ್ಲ. ಒಂಬತ್ತು ವರ್ಷದಲ್ಲಿ ಇವರ ನಡುವೆ ಏನೇನು ಆಗಿದೆ ಅಂತ ನನಗೆ ಆ ಸೇಬಲ್ಲೇ ಗೊತ್ತಾಯ್ತು, ವಿಯೆನ್ನಾದ ಆ ಹುಡುಗ ಇನ್ನೊಬ್ಬರ ಎಂಜಲು ಹಣ್ಣು ತಿನ್ನೋ ಪೈಕಿ ಆಗಿರಲಿಲ್ಲ. ಅದೇ ಕಾರಲ್ಲೇ ಜಗಳದ ಬೀಜಾನೂ ಬಿದ್ದಿರುತ್ತೆ. ಅವನ ಮೊದಲ ಮದುವೆಯ ಮಗ ಶಿಕಾಗೋದಲ್ಲಿ ತಾಯಿ ಹತ್ರ ಇರೋದು, ಇವನಿಗೆ ಮಗನ ಹತ್ರ ಹೋಗಿ ಇರೋ ಆಸೆ, ಅದನ್ನ ಸೀದಾ ಬಾಯಿಬಿಟ್ಟು ಹೇಳಲ್ಲ, ಸುಮ್ನೆ ಮಾತಿಗೆ ಅಂತ ಎತ್ತಿ ಬಿಡ್ತಾನೆ.

ಸಂಜೆ ಆ ಮಾತು ಹೋಟೆಲ್ ರೂಮಲ್ಲಿ ಮತ್ತೆ ಎದ್ದು ಬರುತ್ತೆ. ಮಕ್ಕಳಿಲ್ಲದ ಒಂದು ರಾತ್ರಿ ಸಿಗ್ಲಿ ಅಂತ ಗೆಳೆಯರು ಮಾಡ್ಕೊಟ್ಟ ರೂಮು, ಎಲ್ಲಾ ಚೆನ್ನಾಗೇ ಶುರು ಆಗುತ್ತೆ, ಒಂದು ಫೋನ್ ಬರುತ್ತೆ, ಮುಗೀತು. ಅವಳು ಬಾಗಿಲು ಹಾಕ್ಕೊಂಡು ಹೋಗ್ತಾಳೆ, ಅಯ್ಯೋ ಇನ್ನೊಂದು ಹೇಳೋದು ಬಿಟ್ಟೋಯ್ತು ಅನ್ನೋ ಹಾಗೆ ವಾಪಸ್ ಬರ್ತಾಳೆ, ಪುನಃ ಹೋಗ್ತಾಳೆ. ಜಗಳ ಆಡಿ ಗೊತ್ತಿರೋರು ಬರೆದಿರೋದು ಅಂತ ನಂಗೆ ಅಲ್ಲೇ ಖಾತ್ರಿ ಆಯ್ತು. ಚಿತ್ರಕಥೆಯಲ್ಲಿ ನಟ ನಟಿ ಇಬ್ಬರ ಹೆಸರೂ ಇದೆ, ಹಾಗಾಗಿ ಅವನ ಪರ ವಾದಕ್ಕೂ ಕೊರತೆ ಇಲ್ಲ, ಅವಳ ಪರ ವಾದಕ್ಕೂ ಇಲ್ಲ.

ಇದು ಬುಧವಾರ ರಾತ್ರಿ. ಇವರು ಪಟಕ್ಕನೆ ಪಾಜ್ ಒತ್ತಿ, "ಪಾಪ ಕಣೇ, ಮಗನ ಜೊತೆ ಇರ್ಬೇಕು ಅನ್ನೋದು ತಪ್ಪಾ?" ಅಂದ್ರು.

"ತಪ್ಪು ಅಂತ ಯಾರು ಹೇಳಿದ್ರು ರೀ, ಕೇಳೋದಾದ್ರೆ ನೆಟ್ಟಗೆ ಕೇಳ್ಬೇಕಿತ್ತು. ಅವಳೇ ಬಾಯಿಬಿಟ್ಟು ಬೇಡ ಅನ್ಲಿ, ತಾನು ಒಳ್ಳೇವನಾಗಿ ಉಳ್ಕೋಬೇಕು ಅನ್ನೋ ಲೆಕ್ಕ ಅವನದ್ದು."

"ನೀನು ಅವನ ಬಗ್ಗೆ ಹೇಳ್ತಿದೀಯೋ ನನ್ ಬಗ್ಗೆನೋ?"

ಅಲ್ಲಿಂದ ನಮ್ಮದು ಶುರು. ಮಾತಿಗೆ ಫೋನ್ ಚಾರ್ಜರ್ ವಿಷಯ ಬಂತು, ಚಾರ್ಜರ್ ಹಿಂದೆ "ಯಾವಾಗ್ಲೂ" ಬಂತು. ಈ "ಯಾವಾಗ್ಲೂ" ಬಂದ್ರೆ ಆಮೇಲೆ ಇವತ್ತಿನ ವಿಷಯ ಅನ್ನೋದು ಇರೋದೇ ಇಲ್ಲ, ಹತ್ತು ವರ್ಷದ ಹಿಂದಿನ ಯಾವುದೋ ಭಾನುವಾರ ನೀವು ಹಾಗಂದಿದ್ರಿ, ನೀನು ಹೀಗಂದಿದ್ದೆ. ಪರದೆ ಮೇಲೆ ಸೆಲೀನ್ ಪಾಪ ಬಾಯಿ ತೆರ್ಕೊಂಡು ಕೈ ಎತ್ಕೊಂಡು ನಿಂತೇ ಇದ್ಲು. ಸ್ವಲ್ಪ ಹೊತ್ತಿಗೆ ಟಿವಿಗೇ ನಮ್ಮನ್ನ ನೋಡಕ್ಕಾಗ್ಲಿಲ್ಲ ಅನ್ಸುತ್ತೆ, ಸ್ಕ್ರೀನ್‌ಸೇವರ್ ಹಾಕ್ಕೊಂಡು ಹಿಮದ ಬೆಟ್ಟ ತೋರಿಸೋಕೆ ಶುರು ಮಾಡ್ತು.

ಈ ಸಿನಿಮಾಗಳ ಬಗ್ಗೆ ನಂಗೆ ತುಂಬಾ ಇಷ್ಟ ಆದ ಸಂಗತಿ ಒಂದಿದೆ. ಎರಡನೇದು, ಮೂರನೇದು ಎರಡಕ್ಕೂ ಆಸ್ಕರ್ ನಾಮಿನೇಷನ್ ಸಿಕ್ಕಿದೆ, ಅದೂ ಬೇರೆ ಕೃತಿಯಿಂದ ತಗೊಂಡು ಬರೆದ ಚಿತ್ರಕಥೆಗೆ ಕೊಡೋ ಅಡಾಪ್ಟೆಡ್ ಸ್ಕ್ರೀನ್‌ಪ್ಲೇ ವಿಭಾಗದಲ್ಲಿ. ಯಾವ ಕಾದಂಬರಿಯಿಂದ ತಗೊಂಡ್ರು ಅಂತ ತಲೆ ಕೆರ್ಕೊಂಡೆ, ಆಮೇಲೆ ಗೊತ್ತಾಯ್ತು, ಪಾತ್ರಗಳು ಮೊದಲ ಸಿನಿಮಾದಲ್ಲೇ ಇದ್ದಿದ್ರಿಂದ ಸೀಕ್ವೆಲ್‌ನ ಹೊಸ ಕಥೆ ಅಂತ ಆಸ್ಕರ್ ಕೊಡೋರು ಒಪ್ಪಲ್ವಂತೆ. ಒರಿಜಿನಲ್ ಆಗಿದ್ದ ಮೊದಲನೇದಕ್ಕೆ ಅಲ್ಲಿ ಒಂದೂ ನಾಮಿನೇಷನ್ ಇಲ್ಲ. ಇದನ್ನ ಓದಿ ನಂಗೆ ಒಂಥರಾ ಸಮಾಧಾನ ಆಯ್ತು. ನಮ್ಮನೇಲಿ ಇರೋದೆಲ್ಲಾ ಅಡಾಪ್ಟೆಡ್ಡೇ. ಇವರ ಜೋಕುಗಳು ಹದಿನೇಳು ವರ್ಷದ ಹಿಂದಿನವು, ಊರು ಹೆಸರು ಬದಲಾಯಿಸ್ಕೊಂಡು ಬರ್ತಾವೆ. ಜಗಳಗಳೂ ಅಷ್ಟೇ, ಒರಿಜಿನಲ್ ಜಗಳ ಯಾವುದು ಅಂತ ಇಬ್ರಿಗೂ ಮರೆತುಹೋಗಿದೆ, ಈಗ ನಡೀತಿರೋದೆಲ್ಲಾ ಅದರ ರೂಪಾಂತರ.

ಹೋಟೆಲ್ ಸೀನ್‌ಗೆ ಮುಂಚೆ ಇಬ್ರೂ ಸಮುದ್ರದ ದಡದಲ್ಲಿ ಕೂತು ಸೂರ್ಯ ಮುಳುಗೋದು ನೋಡ್ತಾರೆ. ಅವಳು ಇನ್ನೂ ಇದೆ, ಇನ್ನೂ ಇದೆ ಅಂತ ಹೇಳ್ತಾ ಹೋಗ್ತಾಳೆ, ಬೆಟ್ಟದ ಹಿಂದೆ ಆ ಕೊನೇ ಚೂರೂ ಹೋಗೋವರೆಗೂ. ಇದು ಮಂಗಳವಾರದ ಪಾಲಿಗೆ ಬಂದಿತ್ತು, ನಾನು ಓರೆಗಣ್ಣಲ್ಲಿ ಇವರ ಕಡೆ ನೋಡ್ತಿದ್ದೆ, ಎಚ್ಚರ ಇದಾರೆ, ಇನ್ನೂ ಇದಾರೆ, ಇದಾರೆ, ಹೋದ್ರು.

ಗುರುವಾರ ಚಾರ್ಜರ್ ಜಗಳದ ಬಿಸಿ ಇನ್ನೂ ಪೂರ್ತಿ ಆರಿರ್ಲಿಲ್ಲ. ಆದ್ರೂ ಬಂದು ಕೂತ್ರು, ಕೂತು ಮಲಗಿದ್ರು. ಕೊನೇ ಭಾಗ ನಾನೊಬ್ಳೇ ನೋಡ್ದೆ. ಅವಳು ಎದ್ದು ಹೋಗಿ ದಡದಲ್ಲಿ ಒಂದು ಟೇಬಲ್ ಹತ್ರ ಒಬ್ಬಳೇ ಕೂತಿರ್ತಾಳೆ. ಅವನು ಬಂದು ಸಾರಿ ಕೇಳಲ್ಲ. ನಾನು ಮುಂದಿನ ಕಾಲದಿಂದ ಬಂದಿದೀನಿ, ನೀನು ಮುದುಕಿ ಆದ್ಮೇಲೆ ನಿನಗೇ ಬರೆದ ಪತ್ರ ತಂದಿದೀನಿ ಅಂತ ಕಥೆ ಹೊಡಿಯಕ್ಕೆ ಶುರು ಮಾಡ್ತಾನೆ. ಮೊದಲ ಸಿನಿಮಾದಲ್ಲೂ ಇಂಥದ್ದೇ ಟೈಮ್ ಟ್ರಾವೆಲ್ ಕಥೆ ಕಟ್ಟಿ ತಾನೇ ಅವಳನ್ನ ರೈಲಿಂದ ಇಳಿಸಿದ್ದು! ಅದೇ ಹಳೇ ಸರಕು. ಅವಳಿಗೆ ಮೊದಲು ನಗು ಬರಲ್ಲ, ಬೇಜಾರೇ ಆಗುತ್ತೆ, ಅವನಿಗೂ ಒಂದು ಹಂತದಲ್ಲಿ ಸಾಕಾಗುತ್ತೆ. ಆಮೇಲೆ ಹೇಗೋ ಅವಳೇ ಆ ಆಟಕ್ಕೆ ಒಂದು ಮಾತು ಸೇರಿಸ್ತಾಳೆ. ಅಷ್ಟೇ, ಕ್ಯಾಮೆರಾ ಹಿಂದೆ ಹೋಗುತ್ತೆ. ಅವರು ಒಟ್ಟಿಗೆ ಉಳಿದ್ರಾ ಇಲ್ವಾ ಗೊತ್ತಿಲ್ಲ, ಒಂಬತ್ತರ ಲೆಕ್ಕದಲ್ಲಿ ನಾಲ್ಕನೇದು 2022ಕ್ಕೆ ಬರ್ಬೇಕಿತ್ತು, ಬರ್ಲಿಲ್ಲ.

ನಾನು ರಿಮೋಟ್ ತಗೊಂಡು ಇವರ ತಲೆ ವಾಲಿದ ಜಾಗಕ್ಕೆ ಸಿನಿಮಾನ ವಾಪಸ್ ಓಡಿಸಿ ಇಟ್ಟೆ.

ಶುಕ್ರವಾರ ಏನೂ ಗೊತ್ತಿಲ್ಲದವಳ ಹಾಗೆ ಪಕ್ಕದಲ್ಲಿ ಕೂತೆ. ಇವರು ಆಶ್ಚರ್ಯಕ್ಕೆ ಪೂರ್ತಿ ಎಚ್ಚರ. ಜೆಸ್ಸಿ ಆ ಟೇಬಲ್ ಹತ್ರ ಬಂದು ಬಾಯಿ ತೆರೆಯೋದ್ರೊಳಗೆ ನಂಗೆ ನಗು ತಡಿಯಕ್ಕಾಗ್ಲಿಲ್ಲ.

"ನೀನು ಇದನ್ನ ಆಗ್ಲೇ ನೋಡಿದೀಯ," ಅಂದ್ರು ಟಿವಿಯಿಂದ ಕಣ್ಣು ತೆಗೀದೆ.

"ಇಲ್ಲ ರೀ," ಅಂದೆ.

"ನಗು ಎರಡು ಸೆಕೆಂಡ್ ಮುಂಚೆ ಬಂತು," ಅಂತ ಹೇಳಿ, ನನ್ ಕಡೆಯಿಂದ ರಿಮೋಟ್ ಎಳ್ಕೊಂಡು ಸೌಂಡ್ ಸ್ವಲ್ಪ ಜಾಸ್ತಿ ಮಾಡಿದ್ರು.